ಕಣ್ಣು ಸರಿಯಿದೆಯಂತೆ, ಆದರೂ ನೋಡುವುದೇ ಕಷ್ಟ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಣ್ಣು ತಂದುಕೊಟ್ಟದ್ದನ್ನು ಮಿದುಳು ಬಿಡಿಸಿ, ವಿಂಗಡಿಸಿ, ಇದು ಇಂಥದ್ದು, ಇಷ್ಟು ದೂರದಲ್ಲಿದೆ ಎಂದು ಗುರುತಿಸುವ ಕೆಲಸವೇ ದೃಶ್ಯ ಸಂಸ್ಕರಣೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲಿಸುವ ತೊಡಕು), ಡಿಸ್ಲೆಕ್ಸಿಯಾ (ಓದಿನ ತೊಡಕು), ಡಿಸ್ಪ್ರಾಕ್ಸಿಯಾ (ಮೈಯ ಚಲನೆಯನ್ನು ಹೊಂದಿಸುವ ತೊಡಕು) ಇರುವ ಎಷ್ಟೋ ಜನರಿಗೆ ಈ ಕೆಲಸ ನಿಧಾನ, ಇಲ್ಲವೇ ವಿಪರೀತ ದಣಿವಿನದು. ಈ ವಿಷಯವಾಗಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಮೊಟಕುಗೊಳಿಸಿ, ಹೆಸರು ಬಿಟ್ಟು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಡಿಸ್ಲೆಕ್ಸಿಯಾ ಇದೆ ಎಂದು ಗೊತ್ತಾಗಿದೆ. ಓದುವಾಗ ಸಾಲು ತಪ್ಪುತ್ತಾನೆ, ಅಕ್ಷರ ಓಡಾಡುತ್ತವೆ ಅನ್ನುತ್ತಾನೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ 6/6, ಏನೂ ತೊಂದರೆಯಿಲ್ಲ ಅಂದರು. ಹಾಗಾದರೆ ಓದು ತಪ್ಪಿಸಿಕೊಳ್ಳಲು ನೆಪ ಹೇಳುತ್ತಿದ್ದಾನೆಯೇ?

ಉತ್ತರ: ನೆಪ ಎಂದು ಈಗಲೇ ತೀರ್ಮಾನಿಸಬೇಡಿ. 6/6 ಎಂಬ ಅಂಕಿ ಹೇಳುವುದು ಇಷ್ಟೇ: 6 ಮೀಟರ್ ದೂರದಲ್ಲಿ, ಬಿಳಿಯ ಮೇಲೆ ಕಪ್ಪಾಗಿರುವ, ಬಿಡಿಬಿಡಿಯಾದ ಅಕ್ಷರವನ್ನು ಅವಸರವಿಲ್ಲದೆ ಗುರುತಿಸಬಲ್ಲ ಎಂದು. 1862ರಲ್ಲಿ ಸ್ನೆಲೆನ್ ಎಂಬ ಡಚ್ ವೈದ್ಯರು ಮಾಡಿದ ಆ ಪಟ್ಟಿ ಕಣ್ಣಿನ ಚುರುಕನ್ನು ಅಳೆಯುತ್ತದೆ, ಓದನ್ನಲ್ಲ. ಪುಸ್ತಕ ಇರುವುದು 30-40 ಸೆಂಟಿಮೀಟರ್ ದೂರದಲ್ಲಿ. ಅಲ್ಲಿ ಎರಡೂ ಕಣ್ಣು ಒಳಕ್ಕೆ ತಿರುಗಿ ಒಂದೇ ಕಡೆ ನಿಲ್ಲಬೇಕು, ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯಬೇಕು, ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಕರಾರುವಾಕ್ಕಾಗಿ ಹಾರಬೇಕು. ಇದರಲ್ಲಿ ಯಾವುದು ಎಡವಿದರೂ ಆ ಪಟ್ಟಿಗೆ ತಿಳಿಯುವುದಿಲ್ಲ.

ಮೊದಲು ನೋಡಬೇಕಾದದ್ದು ಎರಡು ಕಣ್ಣುಗಳ ಹೊಂದಾಣಿಕೆಯನ್ನು. ಪೆನ್ಸಿಲಿನ ತುದಿಯನ್ನು ಮಗನ ಮುಖದಿಂದ 40 ಸೆಂ.ಮೀ. ದೂರದಲ್ಲಿ ಹಿಡಿದು ನಿಧಾನವಾಗಿ ಮೂಗಿನ ಬುಡದ ಕಡೆಗೆ ತನ್ನಿ. ತುದಿ ಎರಡಾಗಿ ಕಂಡ ಕೂಡಲೇ ಹೇಳಲು ತಿಳಿಸಿ. ಅವನು ಹೇಳದಿದ್ದರೂ ಒಂದು ಕಣ್ಣು ಹೊರಕ್ಕೆ ಜಾರುತ್ತದೆಯೇ ನೋಡುತ್ತಿರಿ. ಕನ್ನಡಕವಿದ್ದರೆ ಹಾಕಿಕೊಂಡೇ ಮಾಡಬೇಕು. ಮೂರು ನಾಲ್ಕು ಸಲ ಮಾಡಿ, ಏಕೆಂದರೆ ಮೊದಲ ಸಲ ಸರಿಯಾಗಿದ್ದು ದಣಿದಂತೆ ಕೆಡುವುದೇ ಇದರ ಗುಣ. 6 ಸೆಂ.ಮೀ. ಅಥವಾ ಅದಕ್ಕಿಂತ ದೂರದಲ್ಲೇ ಎರಡಾದರೆ, ಜೊತೆಗೆ ಓದುವಾಗ ಹಣೆನೋವು, ಒಂದು ಕಣ್ಣು ಮುಚ್ಚಿಕೊಳ್ಳುವುದು ಇದ್ದರೆ, ಎರಡೂ ಕಣ್ಣು ಒಟ್ಟಿಗೆ ಹತ್ತಿರಕ್ಕೆ ತಿರುಗುವ ಶಕ್ತಿಯನ್ನು (ಕನ್ವರ್ಜೆನ್ಸ್) ಪರೀಕ್ಷಿಸಿ ಎಂದು ಕಣ್ಣಿನ ಡಾಕ್ಟರಲ್ಲಿ ಹೆಸರಿಟ್ಟು ಕೇಳಿ. ಸಾಮಾನ್ಯ ತಪಾಸಣೆಯಲ್ಲಿ ಇದು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಇದಕ್ಕೆ ಚಿಕಿತ್ಸೆಯಿದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ವಾರಕ್ಕೊಮ್ಮೆ ಚಿಕಿತ್ಸಾಲಯದಲ್ಲಿ ಒಂದು ಗಂಟೆ, ಜೊತೆಗೆ ಮನೆಯಲ್ಲಿ ಅಭ್ಯಾಸ, ಹೀಗೆ 12 ವಾರ ಮಾಡಿದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಸುಧಾರಿಸಿದರು. ಮನೆಯಲ್ಲಿ ಬರೇ ಪೆನ್ಸಿಲ್ ನೋಡುವ ಅಭ್ಯಾಸ ಮಾಡಿದವರಲ್ಲಿ ಆ ಪಾಲು ನೂರಕ್ಕೆ ಸುಮಾರು 43 ಅಷ್ಟೇ. ಆದರೆ ಅದೇ ಬಗೆಯ ತಂಡ 2019ರಲ್ಲಿ ಓದನ್ನೇ ಅಳೆದಾಗ, ಕಣ್ಣಿನ ಹೊಂದಾಣಿಕೆ ಸರಿಹೋದ ಮಾತ್ರಕ್ಕೆ ಓದಿನ ಅಂಕ ಹುಸಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಏರಲಿಲ್ಲ. ತಲೆನೋವು ಹೋಗುತ್ತದೆ, ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಕಣ್ಣಿನ ವ್ಯಾಯಾಮದಿಂದ ಓದು ಬರಿಸುತ್ತೇವೆ ಎನ್ನುವವರಿಗೆ ಈ ಎರಡನೆಯ ಮಾತನ್ನು ನೆನಪಿಸಿ.

ಎರಡನೆಯದು ಅಕ್ಷರಗಳ ಇಕ್ಕಟ್ಟು. ಪಕ್ಕದ ಅಕ್ಷರ ತೀರಾ ಹತ್ತಿರವಿದ್ದರೆ ನೋಟದ ಅಂಚಿನಲ್ಲಿರುವ ಅಕ್ಷರ ಕಲಸಿಹೋಗುವುದು ಎಲ್ಲರಿಗೂ ಇದ್ದದ್ದೇ. ಡಿಸ್ಲೆಕ್ಸಿಯಾ ಇರುವ ಅನೇಕರಿಗೆ ಅದು ಇನ್ನೂ ಬೇಗ ಶುರುವಾಗುತ್ತದೆ. ಇಟಲಿ ಮತ್ತು ಫ್ರಾನ್ಸಿನ 74 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 14 ಪಾಯಿಂಟಿನ ಅಕ್ಷರಗಳ ನಡುವೆ 2.5 ಪಾಯಿಂಟ್ ಜಾಗ ಹೆಚ್ಚಿಸಿದಾಗ ತಪ್ಪುಗಳು ಸುಮಾರು ಅರ್ಧಕ್ಕೆ ಇಳಿದವು, ವೇಗವೂ ಏರಿತು. ಅದು ರೋಮನ್ ಲಿಪಿಯ ಮಾತು. ಕನ್ನಡದಲ್ಲಿ ಇಕ್ಕಟ್ಟು ಅಡ್ಡಕ್ಕಷ್ಟೇ ಅಲ್ಲ, ಕೆಳಕ್ಕೂ ಇದೆ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತಿರುತ್ತದೆ. ದ-ಧ, ಪ-ಫ, ಬ-ಭ ಜೋಡಿಗಳಲ್ಲಿ ವ್ಯತ್ಯಾಸವೆಂದರೆ ಬುಡದ ಒಂದು ಸೀಳು. ಆದ್ದರಿಂದ ಸಾಲುಗಳ ಅಂತರವನ್ನೇ ಮೊದಲು ಹಿಗ್ಗಿಸಿ. ಅಕ್ಷರ 16 ಪಾಯಿಂಟ್, ಸಾಲಿನ ಅಂತರ 1.8, ಎಡಕ್ಕೆ ಮಾತ್ರ ಜೋಡಣೆ. ಎರಡೂ ಬದಿ ಸಮ ಮಾಡಿದರೆ ಪದಗಳ ನಡುವೆ ಒಂದೊಂದು ಕಡೆ ಒಂದೊಂದು ಥರದ ಖಾಲಿ ಜಾಗ ಬಿದ್ದು, ಅವೇ ಮೇಲಿಂದ ಕೆಳಕ್ಕೆ ಹರಿಯುವ ಬಿಳಿ ಗೆರೆಗಳಂತೆ ಕಣ್ಣನ್ನು ಎಳೆಯುತ್ತವೆ. ಅಕ್ಷರಗಳ ನಡುವಿನ ಜಾಗ ಹೆಚ್ಚಿಸಿದಷ್ಟೂ ಪದಗಳ ನಡುವಿನ ಜಾಗವನ್ನೂ ಹೆಚ್ಚಿಸಬೇಕು. ಇಲ್ಲವಾದರೆ ಪದ ಎಲ್ಲಿ ಮುಗಿಯಿತು ಎಂದೇ ತಿಳಿಯದೆ ಇನ್ನೊಂದು ಬಗೆಯ ಗೊಂದಲ. ಅಚ್ಚಾದ ಪುಸ್ತಕವಾದರೆ ಎ4 ಪುಟವನ್ನು ಎ3ಗೆ ಜೆರಾಕ್ಸ್ ಮಾಡಿಸಿ, ಅಕ್ಷರವೂ ಅಂತರವೂ ಒಟ್ಟಿಗೆ 141% ಆಗುತ್ತವೆ.

ಸಾಲು ತಪ್ಪುವುದಕ್ಕೆ ಒಂದು ರಟ್ಟಿನ ಪಟ್ಟಿ ಸಾಕು. ಹೊಳಪಿಲ್ಲದ ಬೂದು ಬಣ್ಣದ್ದಿರಲಿ, 5 ಸೆಂ.ಮೀ. ಅಗಲ, ಸಾಲಿಗಿಂತ ತುಸು ಉದ್ದ. ಸಾಮಾನ್ಯವಾಗಿ ಎಲ್ಲರೂ ಅದನ್ನು ಓದುವ ಸಾಲಿನ ಕೆಳಗೆ ಇಡಿಸುತ್ತಾರೆ. ಹಾಗೆ ಇಟ್ಟರೆ ಕಣ್ಣು ಮುಂದೆ ಹಾರಬೇಕಾದ ಸಾಲೇ ಮುಚ್ಚಿಹೋಗುತ್ತದೆ. ಸಾಲಿನ ಮೇಲೆ ಇಡಿಸಿ. ಓದಿದ್ದು ಮುಚ್ಚುತ್ತಾ ಹೋಗಲಿ, ಬರುವುದು ಕಾಣುತ್ತಿರಲಿ. ಕೆಳಗಿನ ಸಾಲುಗಳೂ ಕಾಡುವ ಮಕ್ಕಳಿಗೆ ಮಾತ್ರ, ಒಂದೂವರೆ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿದ ರಟ್ಟು.

ಇಷ್ಟೆಲ್ಲ ಮಾಡಿಯೂ, ದೊಡ್ಡದಾಗಿ ಬಿಡಿಯಾಗಿ ಬರೆದ ಒಂದೇ ಪದವನ್ನು ಓದಲು ಅವನು ಅಷ್ಟೇ ತಡಕಾಡಿದರೆ, ಅಲ್ಲಿ ಕಷ್ಟ ನೋಟದ್ದಲ್ಲ. ಅಕ್ಷರವನ್ನು ಧ್ವನಿಗೆ ಕೂಡಿಸುವುದರದ್ದು. ಡಿಸ್ಲೆಕ್ಸಿಯಾದ ತಿರುಳು ಬಹುಪಾಲು ಅದೇ, ಅದಕ್ಕೆ ಬೇಕಾದದ್ದು ಕ್ರಮಬದ್ಧವಾದ ಓದಿನ ತರಬೇತಿ. ಶಾಲೆಯಲ್ಲಿ ಬೋರ್ಡ್ ನೋಡಿ ಬರೆಯುವುದನ್ನು ಮಾತ್ರ ಇವತ್ತೇ ಬಿಡಿಸಿ. ದೂರ ನೋಡಿ, ಹತ್ತಿರ ಬಂದು, ಮತ್ತೆ ದೂರದಲ್ಲಿ ಬಿಟ್ಟ ಜಾಗವನ್ನು ಹುಡುಕುವುದರಲ್ಲೇ ಆ ಮಗುವಿನ ಪೀರಿಯಡ್ ಮುಗಿದಿರುತ್ತದೆ. ಅದೇ ಪಾಠದ ಪ್ರತಿ ಡೆಸ್ಕಿನ ಮೇಲಿರಲಿ ಎಂದು ಟೀಚರಿಗೆ ಹೇಳಿ.

ಪ್ರಶ್ನೆ: ಮಗಳಿಗೂ ಇದೇ ಥರದ ತೊಂದರೆ. ಬಣ್ಣದ ಗಾಜಿನ ಕನ್ನಡಕ ಹಾಕಿಸಿದರೆ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎಂದು ಒಂದು ಕೇಂದ್ರದವರು ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ವಾಸಿ ಎಂಬ ಮಾತು ಸುಳ್ಳು. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ, ಬಣ್ಣದ ಗಾಜು ಅಥವಾ ಬಣ್ಣದ ಹಾಳೆಯಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ ಎಂದಿವೆ. ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ ವಿಶೇಷ ಫಾಂಟುಗಳ ಕಥೆಯೂ ಇದೇ. ಲಾಭ ಕಂಡ ಕಡೆ, ಅದು ಅಕ್ಷರದ ಆಕಾರದಿಂದಲ್ಲ, ಅಂತರ ಹೆಚ್ಚಿದ್ದರಿಂದ.

ಹಾಗಂತ ಬೆಳ್ಳಗೆ ಹೊಳೆಯುವ ಹಾಳೆ ಕಣ್ಣು ಕುಕ್ಕುವುದು ಸುಳ್ಳಲ್ಲ. ಕಪ್ಪು ಬಿಳಿ ಪಟ್ಟೆಗಳು ಕೆಲವರ ಮಿದುಳಿನ ದೃಶ್ಯ ಭಾಗವನ್ನು ಅತಿಯಾಗಿ ಕೆರಳಿಸುತ್ತವೆ. ನೋಟದ ಒಂದು ಡಿಗ್ರಿಯಲ್ಲಿ ಸುಮಾರು ಮೂರು ಜೋಡಿ ಪಟ್ಟೆ ಕೂತರೆ ಕಿರಿಕಿರಿ ಅತಿ ಹೆಚ್ಚು. ಒತ್ತಾಗಿ ಅಚ್ಚು ಹಾಕಿದ ಪುಟದ ಸಾಲುಗಳೂ ಒಂದು ಬಗೆಯ ಪಟ್ಟೆಗಳೇ. ಇದಕ್ಕೆ ಮೊದಲು ಹಾಳೆಯನ್ನು ಬದಲಿಸಿ: ಕೆನೆ ಬಣ್ಣ, ತಿಳಿ ಹಳದಿ, ತಿಳಿ ನೀಲಿ, ಹೊಳಪಿಲ್ಲದ್ದು. ಬಣ್ಣದಿಂದ ನಿಜಕ್ಕೂ ಲಾಭವಿದೆಯೇ ಎಂದು ಮನೆಯಲ್ಲೇ ಅಳೆಯಬಹುದು. ಒಂದೇ ಮಟ್ಟದ, ಮಗು ಮೊದಲು ಓದಿರದ ಎಂಟು ತುಣುಕು ಆರಿಸಿ, ನಾಲ್ಕನ್ನು ಬಿಳಿಯಲ್ಲಿ, ನಾಲ್ಕನ್ನು ಬಣ್ಣದಲ್ಲಿ ಅಚ್ಚು ಹಾಕಿ. ಒಂದು ಬಿಳಿ, ಒಂದು ಬಣ್ಣ ಎಂದು ಅದಲುಬದಲು ಮಾಡುತ್ತಾ ನಾಲ್ಕು ದಿನ, ದಿನಕ್ಕೆರಡರಂತೆ, ಒಂದೇ ಹೊತ್ತಿನಲ್ಲಿ ಓದಿಸಿ. ಒಂದು ನಿಮಿಷಕ್ಕೆ ಎಷ್ಟು ಪದ, ಎಷ್ಟು ತಪ್ಪು ಎಂದು ಬರೆದಿಡಿ. ಒಂದೇ ದಿನದ ಲೆಕ್ಕ ಸಾಲದು, ಹೊಸ ಬಣ್ಣದ ಹುರುಪಿಗೇ ಮಕ್ಕಳು ಆ ದಿನ ಚೆನ್ನಾಗಿ ಓದಿಬಿಡುತ್ತಾರೆ. ಓದಿನ ಅಂಕ ಏರದಿದ್ದರೂ ಹಾಯಾಗಿದೆ ಅಂದರೆ ಬಣ್ಣದ ಹಾಳೆ ಇಟ್ಟುಕೊಳ್ಳಲಿ, ನಷ್ಟವೇನಿಲ್ಲ. ಆ ಹಾಯಿಗಾಗಿ ಓದಿನ ತರಬೇತಿ ನಿಲ್ಲಿಸಿದರೆ ನಷ್ಟ.

ಪ್ರಶ್ನೆ: ನನಗೆ ಆಟಿಸಂ ಇದೆ. ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಎಲ್‌ಇಡಿ ಹಾಕಿಸಿದರು, ಆದರೂ ಹಾಗೇ ಇದೆ. ಬೇರೆ ಯಾರಿಗೂ ಏನೂ ಅನಿಸುತ್ತಿಲ್ಲ. ಈಗ ಒಳಗೂ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದೇನೆ.

ಉತ್ತರ: ಇಂದ್ರಿಯಗಳ ಅತಿಸೂಕ್ಷ್ಮತೆ ಆಟಿಸಂನ ಲಕ್ಷಣಗಳಲ್ಲೊಂದು ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಿಂದ ಅಧಿಕೃತವಾಗಿಯೇ ಹೇಳುತ್ತಿದೆ. ಬೇರೆಯವರಿಗೆ ಏನೂ ಅನಿಸದಿರುವುದು ನಿಮ್ಮ ತಲೆನೋವಿಗೆ ವಿರುದ್ಧ ಸಾಕ್ಷಿಯಲ್ಲ.

ಮೊದಲ ಅನುಮಾನ ಮಿಣುಕಿನ ಮೇಲೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇದ್ದರೆ 120 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಅದು ಮಿಣುಕು ಎಂದು ತಿಳಿಯುವುದಿಲ್ಲ. ನರಮಂಡಲಕ್ಕೆ ತಿಳಿಯುತ್ತದೆ. 1989ರಲ್ಲಿ ಬ್ರಿಟನ್ನಿನ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಕಚೇರಿಯೊಂದರಲ್ಲಿ ಹಳೆಯ ಚೋಕುಗಳ ಬದಲು ಸಾವಿರಾರು ಹರ್ಟ್ಸಿನಲ್ಲಿ ನಡೆಯುವ ಎಲೆಕ್ಟ್ರಾನಿಕ್ ಚೋಕು ಹಾಕಿ ನೋಡಿದಾಗ ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಹೆಚ್ಚು ಇಳಿದವು. ಎಲ್‌ಇಡಿ ಎಂದ ಮಾತ್ರಕ್ಕೆ ಮಿಣುಕು ಹೋಯಿತು ಎಂದಲ್ಲ. ಟ್ಯೂಬಿನ ಫಾಸ್ಫರ್ ಪುಡಿ ಸ್ವಲ್ಪ ಹೊತ್ತಾದರೂ ಬೆಳಕು ಹಿಡಿದಿಡುತ್ತಿತ್ತು. ಕಳಪೆ ಡ್ರೈವರಿನ (ದೀಪಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಭಾಗ) ಎಲ್‌ಇಡಿ ಪ್ರತಿ ಸಲವೂ ಪೂರ್ತಿ ಆರಿಯೇ ಹತ್ತುತ್ತದೆ. ಬೆಳಕು ತಗ್ಗಿಸುವ ಡಿಮ್ಮರ್ ಸೇರಿದರೆ ಇನ್ನೂ ಕೆಟ್ಟದು.

ಪತ್ತೆ ಹಚ್ಚಲು ಎರಡು ದಾರಿ. ಆ ಒಂದು ದೀಪವಷ್ಟೇ ಉರಿಯುವಾಗ ಪೆನ್ಸಿಲನ್ನು ಬೀಸಣಿಗೆಯ ಹಾಗೆ ಜೋರಾಗಿ ಆಡಿಸಿ. ಒಂದೇ ಸಮನಾದ ಮಬ್ಬು ಕಂಡರೆ ಬೆಳಕು ಸ್ಥಿರ. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲು ಕಂಡರೆ ಮಿಣುಕಿದೆ. ಎರಡನೆಯದು, ಫೋನಿನ ಸ್ಲೋ ಮೋಷನ್‌ನಲ್ಲಿ, 240 ಫ್ರೇಮಿಗಿಟ್ಟು, ದೀಪ ಬಿದ್ದ ಬಿಳಿ ಗೋಡೆಯನ್ನು ಚಿತ್ರಿಸಿ. ಗೋಡೆ ಮಿಡಿಯುತ್ತಿದ್ದರೆ ಅಥವಾ ಪಟ್ಟೆ ಉರುಳುತ್ತಿದ್ದರೆ ಅದೇ ನಿಮ್ಮ ಸಾಕ್ಷ್ಯ, ಆ ವಿಡಿಯೊವನ್ನೇ ಕಟ್ಟಡ ನೋಡಿಕೊಳ್ಳುವವರಿಗೆ ಕಳುಹಿಸಿ. ಕೇಳುವಾಗ "ಲೈಟು ಕಷ್ಟವಾಗುತ್ತಿದೆ" ಎನ್ನಬೇಡಿ. "ನನ್ನ ಮೇಜಿನ ಮೇಲಿನ ಎರಡು ದೀಪಗಳಿಗೆ ಮಿಣುಕಿಲ್ಲದ ಡ್ರೈವರ್ ಹಾಕಿಸಿ, ಆಗುವತನಕ ಅವನ್ನು ಆರಿಸಿ ಮೇಜಿನ ದೀಪ ಕೊಡಿ" ಎಂದು ಬರವಣಿಗೆಯಲ್ಲಿ ಕೊಡಿ. ಮಾಡಬೇಕಾದ ಕೆಲಸ ಚಿಕ್ಕದಾಗಿ, ಸ್ಪಷ್ಟವಾಗಿ ಇದ್ದರೆ ಒಪ್ಪುವವರೂ ಬೇಗ ಒಪ್ಪುತ್ತಾರೆ.

ಮಿಣುಕು ಇಲ್ಲದಿದ್ದರೆ ಕಾರಣ ಬೆಳಕಿನ ಕೋನದಲ್ಲಿರಬಹುದು. ಕೂತಲ್ಲೇ ಹಣೆಗೆ ಅಂಗೈ ಅಡ್ಡ ಹಿಡಿಯಿರಿ, ಟೋಪಿಯ ಅಂಚಿನ ಹಾಗೆ. ಕೂಡಲೇ ಹಾಯೆನಿಸಿದರೆ ತೊಂದರೆ ಕೊಡುತ್ತಿರುವುದು ಮೇಲಿನಿಂದ ನೇರ ಬೀಳುವ ಬೆಳಕು. ಅಂಚಿರುವ ಟೋಪಿಯೋ ಮೇಜನ್ನು ಒಂದು ಮೀಟರ್ ಸರಿಸುವುದೋ ಸಾಕಾದೀತು. ಕಿಟಕಿಯು ಕಂಪ್ಯೂಟರ್ ಪರದೆಯ ಹಿಂದೆಯೂ ಬೇಡ, ನಿಮ್ಮ ಬೆನ್ನ ಹಿಂದೆಯೂ ಬೇಡ, ಪಕ್ಕಕ್ಕಿರಲಿ.

ಫೋನಿನ ಓಎಲ್‌ಇಡಿ ಪರದೆಯೂ ಹೀಗೇ ಮಿಣುಕುತ್ತದೆ, ಅದೂ ಹೊಳಪು ತಗ್ಗಿಸಿದಾಗ ಹೆಚ್ಚು. ಕಣ್ಣಿಗೆ ಹಿತವೆಂದು ಹೊಳಪನ್ನು ತಳಕ್ಕಿಳಿಸುವವರಿಗೆ ಇದು ತಿರುಗುಬಾಣ. ಹೊಳಪನ್ನು ಅರ್ಧಕ್ಕಿಂತ ಮೇಲಿಟ್ಟು, ಐಫೋನಿನಲ್ಲಿ 'ರೆಡ್ಯೂಸ್ ವೈಟ್ ಪಾಯಿಂಟ್', ಆಂಡ್ರಾಯ್ಡಿನಲ್ಲಿ 'ಎಕ್ಸ್‌ಟ್ರಾ ಡಿಮ್' ಬಳಸಿ ನೋಡಿ. ಪುಟ ಜಾರುವಾಗ ತಲೆ ಸುತ್ತಿದರೆ 'ರೆಡ್ಯೂಸ್ ಮೋಷನ್' ಅಥವಾ 'ರಿಮೂವ್ ಆನಿಮೇಷನ್ಸ್' ಹಾಕಿ. ಕಪ್ಪು ಹಿನ್ನೆಲೆ ಎಲ್ಲರಿಗೂ ಒಗ್ಗುವುದಿಲ್ಲ. ಕತ್ತಲೆ ಪರದೆಗೆ ಪಾಪೆ ಹಿಗ್ಗುತ್ತದೆ, ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಸಮನಿಲ್ಲದ ದೋಷ) ಇದ್ದವರಿಗೆ ಬಿಳಿ ಅಕ್ಷರದ ಸುತ್ತ ಪ್ರಭೆ ಹಬ್ಬುತ್ತದೆ. ಅಂಥವರು ಕಡು ಬೂದು ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಇಟ್ಟುಕೊಳ್ಳಲಿ. ನೀಲಿ ಬೆಳಕು ತಡೆಯುವ ಕನ್ನಡಕದ ಬಗ್ಗೆ ಕೇಳಿಯೇ ಕೇಳುತ್ತೀರಿ: 2023ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಕಂಪ್ಯೂಟರಿನಿಂದಾಗುವ ಕಣ್ಣಿನ ದಣಿವನ್ನು ಅದು ಕಡಿಮೆ ಮಾಡುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಕಪ್ಪು ಕನ್ನಡಕವನ್ನು ಮಾತ್ರ ಒಳಗೆ ಬಿಡಿ. ಕಣ್ಣು ಕತ್ತಲೆಗೆ ಒಗ್ಗುತ್ತದೆ, ತೆಗೆದಾಗ ಸಾಮಾನ್ಯ ಬೆಳಕೂ ಚುಚ್ಚುತ್ತದೆ, ಕೆಲ ವಾರಗಳಲ್ಲಿ ಇನ್ನೂ ಕಪ್ಪು ಗಾಜು ಬೇಕೆನಿಸುತ್ತದೆ. ತಟ್ಟನೆ ಬಿಡಲಾಗದು. ವಾರಕ್ಕೊಂದಿಷ್ಟು ಹೊತ್ತು ಕಡಿಮೆ ಮಾಡುತ್ತಾ ಬನ್ನಿ. ಮೈಗ್ರೇನ್ ಕೂಡ ಇದ್ದರೆ ಎಫ್ಎಲ್-41 ಎಂಬ ತಿಳಿ ಗುಲಾಬಿ ಛಾಯೆಯ ಗಾಜಿನ ಬಗ್ಗೆ ಕಣ್ಣಿನ ವೈದ್ಯರಲ್ಲಿ ವಿಚಾರಿಸಿ.

ಪ್ರಶ್ನೆ: ವಯಸ್ಸು 34, ಡಿಸ್ಪ್ರಾಕ್ಸಿಯಾ. ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪುತ್ತದೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತದೆ, ಲೋಟಕ್ಕೆ ನೀರು ಬಗ್ಗಿಸಿದರೆ ಚೆಲ್ಲುತ್ತದೆ. ಹುಷಾರಾಗಿರು ಅನ್ನುವುದನ್ನು ಬಿಟ್ಟು ಬೇರೆ ಉಪಾಯ ಇದೆಯೇ?

ಉತ್ತರ: ಹುಷಾರು ಎಂಬುದು ಉಪಾಯವೇ ಅಲ್ಲ. ಇನ್ನಷ್ಟು ಗಮನಕೊಟ್ಟರೆ ಇನ್ನಷ್ಟು ದಣಿವು, ದಣಿವಾದಷ್ಟೂ ಎಡವಾಟ. ಕಣ್ಣಿಗೆ ಸಿಗುವ ಸುಳಿವು ಹೆಚ್ಚಬೇಕು, ಇಲ್ಲವೇ ಕೆಲಸವನ್ನು ಕೈಗೆ, ಕಿವಿಗೆ ವಹಿಸಬೇಕು.

ಮೆಟ್ಟಿಲಿನ ಅಂಚಿಗೆ, ಕಾಲಿಡುವ ಮೇಲ್ಮೈಯಲ್ಲಿ, ಉದ್ದಕ್ಕೂ ಸುಮಾರು 5 ಸೆಂ.ಮೀ. ಅಗಲದ ಪಟ್ಟಿ ಅಂಟಿಸಿ. ಕಪ್ಪು ಕಲ್ಲಾದರೆ ಹಳದಿ ಅಥವಾ ಬಿಳಿ, ಬೆಳ್ಳಗಿನ ನೆಲವಾದರೆ ಕಡು ಬಣ್ಣ. ಒರಟಾಗಿರಬೇಕು, ಹೊಳೆಯಬಾರದು. ಪಟ್ಟಿ ಅಂಚಿಗೆ ಸರಿಯಾಗಿ ಕೂರಲೇಬೇಕು: ನಾಲ್ಕು ಬೆರಳು ಹಿಂದೆ ಅಂಟಿಸಿದರೆ ಕಣ್ಣು ಅದನ್ನೇ ಅಂಚೆಂದು ತಿಳಿದು ಮೋಸಹೋಗುತ್ತದೆ, ಪಟ್ಟಿ ಇಲ್ಲದಿದ್ದುದೇ ವಾಸಿ ಅನ್ನಿಸುತ್ತದೆ. ಕೊನೆಯ ಮೆಟ್ಟಿಲು ತಪ್ಪುವುದು ನೆಲವೂ ಮೆಟ್ಟಿಲೂ ಒಂದೇ ಬಣ್ಣವಿದ್ದಾಗ. ಅದರ ಮುಂದಿನ ನೆಲಕ್ಕೆ ಬೇರೆ ಬಣ್ಣದ, ಜಾರದ ಹಾಸು ಹಾಕಿ. ಹೂಬಳ್ಳಿಯ ಚಿತ್ತಾರದ್ದು ಬೇಡ. ಕಟಕಟೆಯ ಹಿಡಿಕಂಬಿ ಕೊನೆಯ ಮೆಟ್ಟಿಲಿನಾಚೆಗೂ ಒಂದಡಿ ಚಾಚಿದ್ದರೆ ಒಳ್ಳೆಯದು. ಮೆಟ್ಟಿಲು ಮುಗಿಯುವ ಜಾಗಕ್ಕೆ ಸರಿಯಾಗಿ ಕಂಬಿಗೆ ಒಂದು ರಬ್ಬರ್ ಬಳೆ ತೊಡಿಸಿದರೆ ಮುಗಿಯಿತೆಂದು ಕೈಯೇ ಹೇಳುತ್ತದೆ. ದೀಪ ಇಳಿಯುವವರ ಬೆನ್ನ ಹಿಂದಿದ್ದರೆ ನಿಮ್ಮ ನೆರಳೇ ಅಂಚನ್ನು ನುಂಗುತ್ತದೆ. ಎರಡೂ ಕೈಯಲ್ಲಿ ಎದೆಮಟ್ಟದ ಪೆಟ್ಟಿಗೆ ಹಿಡಿದು ಇಳಿಯಬೇಡಿ, ಕೆಳಗಿನ ನೋಟವೆಲ್ಲ ಮುಚ್ಚಿಹೋಗುತ್ತದೆ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕವಿದ್ದರೆ ಅದರ ಕೆಳಭಾಗ ಓದುವ ದೂರಕ್ಕೆ ಮಾಡಿದ್ದು, ಅದರೊಳಗಿಂದ ಮೆಟ್ಟಿಲು ಮಸುಕು. ಓಡಾಟಕ್ಕೆ ಬೇರೆಯೇ ಕನ್ನಡಕವಿಟ್ಟುಕೊಳ್ಳಿ. ಎಸ್ಕಲೇಟರಿನ ಒತ್ತೊತ್ತು ಗೀರುಗಳು ಆಳವನ್ನು ಅಡಿಮೇಲು ಮಾಡಿ ತೋರಿಸುತ್ತವೆ. ಹತ್ತಲೇಬೇಕಾದರೆ ಮೊದಲು ಕೈ ಕಂಬಿಗೆ, ಆಮೇಲೆ ಕಾಲು. ಲಿಫ್ಟ್ ಇದ್ದರೆ ಸಂಕೋಚವಿಲ್ಲದೆ ಲಿಫ್ಟ್.

ನೀರಿನ ವಿಷಯ: ಗಾಜಿನ ಲೋಟದಲ್ಲಿ ತಿಳಿನೀರೆಂದರೆ ಕಣ್ಣಿಗೆ ಕಾಣಲು ಏನೂ ಇಲ್ಲ. ಒಳಗೆ ಕಡು ಬಣ್ಣವಿರುವ ಲೋಟವನ್ನು ತಿಳಿ ಬಣ್ಣದ ತಟ್ಟೆಯ ಮೇಲಿಡಿ. ಪಾತ್ರೆಯ ಮೂತಿಯನ್ನು ಲೋಟದ ಕಂಠಕ್ಕೆ ತಾಗಿಸಿಯೇ ಬಗ್ಗಿಸಿ, ಆಗ ದೂರದ ಅಂದಾಜೇ ಬೇಕಿಲ್ಲ. ತುಂಬುತ್ತಾ ಬಂದಂತೆ ಸದ್ದಿನ ಸ್ವರ ಏರುತ್ತದೆ, ಏರಿದಾಗ ನಿಲ್ಲಿಸಿ. ಬಿಸಿ ನೀರಾದರೆ ಲೋಟವನ್ನು ಕೈಯಲ್ಲಿ ಹಿಡಿಯದೆ ಸಿಂಕಿನೊಳಗೆ ಇಟ್ಟು ಬಗ್ಗಿಸುವುದು.

ಚೌಕಟ್ಟು ಗೋಡೆಯ ಬಣ್ಣದ್ದೇ ಆಗಿದ್ದರೆ ಬೇರೆ ಬಣ್ಣ ಬಳಿಸಿ. ಒಂದು ಎಚ್ಚರಿಕೆಯೂ ಇದೆ. ಯಾವಾಗಲೂ ನೆಲಮಟ್ಟದ ವಸ್ತುಗಳನ್ನೇ ಎಡವುವುದು, ಪುಟದ ಕೆಳಗಿನ ಸಾಲುಗಳನ್ನೇ ಬಿಡುವುದು, ಜೊತೆಗೆ ಅವಧಿಗೆ ಮುನ್ನ ಹುಟ್ಟಿದ ಇತಿಹಾಸ, ಈ ಮೂರೂ ಸೇರಿದ್ದರೆ ಡಿಸ್ಪ್ರಾಕ್ಸಿಯಾ ಎಂಬ ಹೆಸರಿನ ಹಿಂದೆ ನೋಟದ ಕೆಳ ಅರ್ಧವೇ ಕಾಣದಿರುವ ಸ್ಥಿತಿ ಅಡಗಿರಬಹುದು. ಕಣ್ಣು ಚೆನ್ನಾಗಿದ್ದು ಮಿದುಳಿನ ದೃಶ್ಯ ದಾರಿಗೆ ಪೆಟ್ಟಾದಾಗ ಹೀಗಾಗುತ್ತದೆ. ದೃಷ್ಟಿಕ್ಷೇತ್ರದ ಪರೀಕ್ಷೆ ಒಮ್ಮೆ ಆಗಲಿ.

ಪ್ರಶ್ನೆ: ನನ್ನ ಯಜಮಾನರಿಗೆ ಎಡಿಎಚ್‌ಡಿ. ಕಣ್ಣೆದುರೇ ಇರುವ ಕೀ ಕಾಣುವುದಿಲ್ಲ. ಡ್ರಾಯರ್ ತೆಗೆದು "ಇಲ್ಲ" ಅನ್ನುತ್ತಾರೆ, ನಾನು ಹೋಗಿ ಅದರಿಂದಲೇ ತೆಗೆದುಕೊಡುತ್ತೇನೆ. ದಿನಾ ಇದೇ ಜಗಳ.

ಉತ್ತರ: ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಗಾದೆ ಹಳೆಯದು, ಆದರೆ ಇಲ್ಲಿ ನಡೆಯುತ್ತಿರುವುದು ಅಸಡ್ಡೆಯಲ್ಲ. ಹಿನ್ನೆಲೆಯಿಂದ ವಸ್ತುವನ್ನು ಬೇರ್ಪಡಿಸುವುದು ಕಷ್ಟವಾಗುತ್ತಿದೆ. ಆನ್ ಟ್ರೀಸ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ 1980ರಲ್ಲಿ ವಿವರಿಸಿದಂತೆ, ಹುಡುಕುವ ವಸ್ತು ಬಣ್ಣದಲ್ಲೇ ಉಳಿದೆಲ್ಲಕ್ಕಿಂತ ಬೇರೆಯಿದ್ದರೆ ಸುತ್ತ ಹತ್ತಿರಲಿ ಐವತ್ತಿರಲಿ, ತಾನೇ ಕಣ್ಣಿಗೆ ಹಾರುತ್ತದೆ. ಹೋಲುವ ವಸ್ತುಗಳ ನಡುವಿದ್ದರೆ ಒಂದೊಂದನ್ನೇ ತಡವಬೇಕು, ವಸ್ತು ಹೆಚ್ಚಿದಷ್ಟೂ ಹೊತ್ತು ಹೆಚ್ಚು. ಹಾಗಾಗಿ ಕೀಗೆ ಕಡುಕೆಂಪು ಟ್ಯಾಗು ಹಾಕಿ, ಆ ಜಾಗದಲ್ಲಿ ಬೇರೆ ಯಾವುದಕ್ಕೂ ಕೆಂಪು ಹಾಕಬೇಡಿ. ಉತ್ಸಾಹದಿಂದ ಚಾರ್ಜರಿಗೆ, ಪರ್ಸಿಗೆ, ಛತ್ರಿಗೆ ಎಲ್ಲಕ್ಕೂ ಕೆಂಪು ಕಟ್ಟಿದ ದಿನವೇ ಈ ಉಪಾಯ ಸತ್ತಿತು.

ಡ್ರಾಯರಿನಲ್ಲಿ ಒಂದರ ಮೇಲೊಂದು ಇಡುವುದೇ ಬೇಡ, ಒಂದೇ ಪದರ. ತಳಕ್ಕೆ ಚಿತ್ತಾರವಿಲ್ಲದ ಒಂದೇ ಬಣ್ಣದ ಹಾಸು. ಪಾರದರ್ಶಕ ಡಬ್ಬಿಗಳ ಬಗ್ಗೆ ಪರಸ್ಪರ ವಿರುದ್ಧ ಸಲಹೆ ಕೇಳಿರುತ್ತೀರಿ, ಎರಡೂ ನಿಜ. ಕಾಣದ್ದು ಮರೆತೇಹೋಗುವ ಎಡಿಎಚ್‌ಡಿಗೆ ಅವು ಬೇಕು. ಹತ್ತು ಡಬ್ಬಿ ಸಾಲಾಗಿ ನಿಂತು ಒಳಗಿನದೆಲ್ಲ ಕಂಡರೆ ಮತ್ತದೇ ಗಿಜಿಗಿಜಿ. ಮುಚ್ಚಿದ ಡಬ್ಬಿಯ ಹೊರಗೆ ಒಳಗಿನ ವಸ್ತುವಿನ ಫೋಟೊ ಅಂಟಿಸುವುದು ನಮ್ಮ ಆಯ್ಕೆ.

ಕಳೆದದ್ದನ್ನು ಹುಡುಕುವಾಗ ಕಣ್ಣು ಅಲ್ಲಿಲ್ಲಿ ಹಾರದಂತೆ ನೋಡಿಕೊಳ್ಳಬೇಕು. ಡ್ರಾಯರನ್ನು ಪೂರ್ತಿ ಹೊರಗೆಳೆದು ಒಂದೇ ಬಣ್ಣದ ಬಟ್ಟೆಯ ಮೇಲೆ ಸುರಿದು, ಒಂದು ಗೇಣು ಅಗಲದ ಪಟ್ಟಿಗಳಂತೆ ಎಡದಿಂದ ಬಲಕ್ಕೆ ನೋಡುತ್ತಾ, ನೋಡಿದ್ದನ್ನು ಕೈಯಿಂದ ಮುಟ್ಟಿ ಬದಿಗೆ ಸರಿಸುತ್ತಾ ಬರಬೇಕು. "ಕೀ, ಕೀ" ಎಂದು ಬಾಯಲ್ಲಿ ಹೇಳಿಕೊಳ್ಳುವುದೂ ನೆರವಾಗುತ್ತದೆ. ನೀವು ದೂರದಿಂದ "ಅಲ್ಲೇ ಇದೆಯಲ್ರೀ" ಅಂದರೆ ಉಪಯೋಗವಿಲ್ಲ. "ಎಡಗಡೆ ಮೂಲೆ, ನೀಲಿ ಪುಸ್ತಕದ ಪಕ್ಕ" ಅನ್ನಿ.

ಪ್ರಶ್ನೆ: ಪರಿಚಯದವರ ಮುಖ ಗುರುತು ಸಿಗುವುದಿಲ್ಲ. ದಿನಾ ಜೊತೆಗೆ ಕೆಲಸ ಮಾಡುವವರು ರಸ್ತೆಯಲ್ಲಿ ಸಿಕ್ಕರೆ ಗೊತ್ತಾಗುವುದಿಲ್ಲ. ಜಂಬ ಅಂದುಕೊಳ್ಳುತ್ತಾರೆ.

ಉತ್ತರ: ಮುಖಗುರುಡು. ಇದಕ್ಕೆ ಪ್ರೊಸೋಪಗ್ನೋಸಿಯಾ ಎಂಬ ಹೆಸರು 1947ರಲ್ಲಿ ಬಂತು. ಹುಟ್ಟಿನಿಂದಲೇ ಇರುವ ಬಗೆ ನೂರಕ್ಕೆ ಸುಮಾರು ಇಬ್ಬರಲ್ಲಿ ಇದೆ ಎಂಬ ಅಂದಾಜುಗಳಿವೆ, ಆಟಿಸಂ ಇರುವವರಲ್ಲಿ ಹೆಚ್ಚು. ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗಿತ್ತು. ಗೋಡೆಯಗಲದ ಮುಖಚಿತ್ರಗಳಿಗೇ ಹೆಸರಾದ ಚಿತ್ರಕಾರ ಚಕ್ ಕ್ಲೋಸ್ ಅವರಿಗೂ ಇತ್ತು ಎಂಬುದು ಸೋಜಿಗ. ಮುಖವನ್ನು ಹೆಚ್ಚು ಹೊತ್ತು ದಿಟ್ಟಿಸಿದರೆ ಗುರುತು ಬರುವುದಿಲ್ಲ. ನಡಿಗೆ, ದನಿ, ಕಿವಿಯ ಆಕಾರ, ನಿಲ್ಲುವ ಭಂಗಿ ಹಿಡಿದುಕೊಳ್ಳಿ. ಕೂದಲು, ಬಟ್ಟೆ, ಕನ್ನಡಕ ನಂಬಬೇಡಿ, ಒಂದು ಕ್ಷೌರಕ್ಕೆ ಎಲ್ಲ ಬದಲು. ಸಮವಸ್ತ್ರ, ಮಾಸ್ಕ್ ಇರುವ ಕಡೆ ಅವೂ ಇಲ್ಲ. ಹತ್ತಿರದ ನಾಲ್ಕೈದು ಜನಕ್ಕೆ ಮೊದಲೇ ಹೇಳಿ: "ನನಗೆ ಮುಖ ನೆನಪಿರಲ್ಲ, ಸಿಕ್ಕಾಗ ಮೊದಲು ನಿಮ್ಮ ಹೆಸರು ಹೇಳಿಬಿಡಿ." ಎಲ್ಲಿಯಾದರೂ ಭೇಟಿಯಾಗುವುದಿದ್ದರೆ ನೀವೇ ಮೊದಲು ಹೋಗಿ ಕೂತಿರಿ, ಗುರುತು ಹಿಡಿಯುವ ಕೆಲಸ ಬರುವವರದಾಗುತ್ತದೆ. ಓದುಗರಲ್ಲಿ ಉಳಿದವರಿಗೊಂದು ಮಾತು: "ನಾನ್ಯಾರು ಹೇಳಿ ನೋಡೋಣ" ಎಂಬ ಆಟ ಇಂಥವರೊಡನೆ ಬೇಡ. ಮೊದಲು ಸರಿಯಾಗಿ ಗುರುತಿಸುತ್ತಿದ್ದು ಈಗ ಏಕಾಏಕಿ ಸಿಗದಂತಾಗಿದ್ದರೆ ಅದು ಬೇರೆಯೇ ಸಂಗತಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಟ್ಟನೆ ಎರಡೆರಡಾಗಿ ಕಾಣುವುದಕ್ಕೂ, ನೋಟದ ಒಂದು ಬದಿ ಮಾಯವಾಗುವುದಕ್ಕೂ ಇದೇ ಮಾತು.

ಪ್ರಶ್ನೆ: ಮಿಂಚುವ ದೀಪ ಕಂಡರೆ ಮಗಳು ಕಣ್ಣು ಮುಚ್ಚಿಕೊಂಡು ಕೂಗುತ್ತಾಳೆ. ಇದರಿಂದ ಫಿಟ್ಸ್ ಬರುತ್ತದೆಯೇ?

ಉತ್ತರ: ಬಹುಪಾಲು ಮಕ್ಕಳಿಗೆ ಇಲ್ಲ, ಅದು ಕಿರಿಕಿರಿಯಷ್ಟೇ. ಆದರೆ ಬೆಳಕಿಗೆ ಕೆರಳುವ ಅಪಸ್ಮಾರ ಕೆಲವರಿಗಿದೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಯಕ್ರಮದ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡರಂತೆ ಮಿಂಚಿದಾಗ ಆರುನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸೆಕೆಂಡಿಗೆ 3ರಿಂದ 30 ಮಿಂಚು ಅಪಾಯದ ವಲಯ. ಸಿಕ್ಕಿಹಾಕಿಕೊಂಡಾಗ ರೆಪ್ಪೆ ಮುಚ್ಚಿದರೆ ಸಾಲದು, ಬೆಳಕು ರೆಪ್ಪೆಯೊಳಗಿಂದಲೂ ಕೆಂಪಾಗಿ ತೂರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ತಿರುಗಿಸಿ ಹೊರನಡೆಯುವುದನ್ನು ಕಲಿಸಿ. ಮಿಂಚಿನ ಹೊತ್ತಿನಲ್ಲಿ ದಿಟ್ಟಿ ನೆಟ್ಟು ಕೂರುವುದು, ಕೈ ಅದುರುವುದು, ಆಮೇಲೆ ಮಂಕು ಹಿಡಿಯುವುದು ಕಂಡಿದ್ದರೆ ನರವೈದ್ಯರಲ್ಲಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಿ.

ಪ್ರಶ್ನೆ: ರಾತ್ರಿ ಎದುರಿನ ವಾಹನದ ಬೆಳಕಿಗೆ ಎಲ್ಲ ಕಲಸಿಹೋಗುತ್ತದೆ. ರಾತ್ರಿ ಡ್ರೈವಿಂಗಿಗೆಂದು ಮಾರುವ ಹಳದಿ ಕನ್ನಡಕ ಕೊಳ್ಳಲೇ?

ಉತ್ತರ: ಬೇಡ. 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ಹಾಕಿಕೊಂಡವರು ಪಾದಚಾರಿಗಳನ್ನು ಬೇಗ ಗುರುತಿಸಲಿಲ್ಲ. ಬಣ್ಣದ ಗಾಜು ಯಾವುದಾದರೂ ಇರುವ ಬೆಳಕನ್ನೇ ಕಡಿಮೆ ಮಾಡುತ್ತದೆ. ಮುಂಗಾಜನ್ನು ಒಳಗಿನಿಂದಲೂ ಒರೆಸಿ, ಒಳಮೈಯ ಜಿಡ್ಡೇ ಬೆಳಕನ್ನು ಚೆದುರಿಸುವುದು. ಕನ್ನಡಕವಿದ್ದರೆ ಪ್ರತಿಫಲನ ತಡೆಯುವ ಲೇಪ ಹಾಕಿಸಿ, ಅಸ್ಟಿಗ್ಮ್ಯಾಟಿಸಂ ಪರೀಕ್ಷಿಸಿ. ಎದುರು ಬೆಳಕು ಬಂದಾಗ ದೀಪವನ್ನಲ್ಲ, ನಿಮ್ಮ ಬದಿಯ ರಸ್ತೆಯಂಚಿನ ಗೆರೆಯನ್ನು ನೋಡಿ, ವೇಗ ತಗ್ಗಿಸಿ. ಆ ಗೆರೆಯೂ ಕಲಸಿಹೋಗುತ್ತಿದ್ದರೆ ರಾತ್ರಿ ಸ್ಟೀರಿಂಗ್ ಬೇರೆಯವರ ಕೈಗೆ ಕೊಡಿ.